ಹೆಂಡತಿಗೆ ಸೂಜಿ, ಗಂಡನಿಗೆ ಮರ್ಯಾದೆ

ಬಸಿರಾದ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಹೋದರೆ ಆಕೆಯ ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ. ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮಾತ್ರ ನೋಡುವುದಿಲ್ಲ. ಎಚ್.ಐ.ವಿ. ಇದೆಯೇ, ಸಿಫಿಲಿಸ್ ಇದೆಯೇ ಎಂದೂ ನೋಡುತ್ತಾರೆ. ನೋಡಲಿ, ಅದು ಒಳ್ಳೆಯದೇ. ತಾಯಿಗೆ ಸಕಾಲದಲ್ಲಿ ಔಷಧಿ ಸಿಕ್ಕರೆ ಮಗು ಉಳಿಯುತ್ತದೆ. ನನ್ನ ತಕರಾರು ಇರುವುದು ಆಸ್ಪತ್ರೆಯ ಹೊರಗೆ ಬೈಕಿನ ಮೇಲೆ ಕೂತು ಕಾಯುತ್ತಿರುವ ಗಂಡನ ಬಗ್ಗೆ. ಅವನ ತೋಳಿಗೆ ಸೂಜಿ ಯಾಕೆ ಇಲ್ಲ?

ಸಿಫಿಲಿಸ್ ಅಂದರೆ ನಮ್ಮ ಹಿರಿಯರು ಪರಂಗಿ ರೋಗ ಎನ್ನುತ್ತಿದ್ದುದು. ಅದಾಗಲಿ, ಗೊನೋರಿಯಾ ಆಗಲಿ, ಎಚ್.ಐ.ವಿ. ಆಗಲಿ ಗಾಳಿಯಲ್ಲಿ ಬರುವಂಥವಲ್ಲ, ನೀರಿನಲ್ಲಿ ಬರುವಂಥವಲ್ಲ, ದೇವರ ಶಾಪದಿಂದ ಬರುವಂಥವೂ ಅಲ್ಲ. ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತವೆ. ಸಂಪರ್ಕಕ್ಕೆ ಇಬ್ಬರು ಬೇಕು. ಆದರೆ ಪರೀಕ್ಷೆ ಒಬ್ಬಳಿಗೆ, ಔಷಧಿ ಒಬ್ಬಳಿಗೆ, ಅಪವಾದವೂ ಒಬ್ಬಳಿಗೇ. ಇದು ಎಲ್ಲಿಯ ನ್ಯಾಯ?

ನಿಯಮದ ಪ್ರಕಾರ ಗಂಡನನ್ನೂ ಕರೆಸಬೇಕು, ಅವನಿಗೂ ಪರೀಕ್ಷೆ ಆಗಬೇಕು ಎಂಬುದು ಆರೋಗ್ಯ ಇಲಾಖೆಯವರಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ನಡೆಯುವುದು ಹೇಗೆ? ಕೌನ್ಸೆಲಿಂಗ್ ಕೋಣೆಯಲ್ಲಿ ಕೂತ ಹೆಂಗಸಿಗೆ, "ನೋಡಮ್ಮಾ, ಮುಂದಿನ ಸಲ ನಿನ್ನ ಗಂಡನನ್ನೂ ಕರಕೊಂಡು ಬಾ" ಎಂದು ಹೇಳಿ ಕಳುಹಿಸುತ್ತಾರೆ. ಹೇಳುವುದು ಸುಲಭ. ಮನೆಗೆ ಹೋಗಿ ಈ ಮಾತನ್ನು ಆಡಬೇಕಾದವಳು ಯಾರು? ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಡೆತ ತಿನ್ನುವವಳು. ತವರಿಂದ ಉಳಿದ ಬಾಕಿ ತರಲಿಲ್ಲವೆಂದು ಬೈಸಿಕೊಳ್ಳುವವಳು. ಅವಳು ಗಂಡನ ಮುಂದೆ ನಿಂತು "ನಿಮಗೂ ಆ ಪರೀಕ್ಷೆ ಆಗಬೇಕಂತೆ" ಎನ್ನಬೇಕು! ಇಡೀ ಸರ್ಕಾರ ಮಾಡಲಾರದ ಕೆಲಸವನ್ನು ಆರು ತಿಂಗಳ ಬಸುರಿಯ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ಅಂದರೆ ಇದೇ.

ಆದ್ದರಿಂದ ನನ್ನ ಮಾತು ಇಷ್ಟೇ. ಗಂಡಸರ ಪರೀಕ್ಷೆ ಹೆಂಡತಿಯ ಕೋರಿಕೆ ಆಗಬಾರದು. ಅದು ಆಸ್ಪತ್ರೆಯ ಪದ್ಧತಿ ಆಗಬೇಕು, ಊರಿನ ವಾಡಿಕೆ ಆಗಬೇಕು. ಎಲ್ಲ ಗಂಡಸರಿಗೂ ಒಂದೇ ಪದ್ಧತಿ ಎಂದಾದಾಗ ಯಾವ ಒಬ್ಬನ ಮೇಲೂ ಅನುಮಾನ ಪಟ್ಟಂತೆ ಆಗುವುದಿಲ್ಲ. ಕೇಳಿದ್ದಕ್ಕಾಗಿ ಯಾವ ಒಬ್ಬಳೂ ಏಟು ತಿನ್ನಬೇಕಾಗುವುದಿಲ್ಲ.

ಬಂಜೆ ಎಂದವರು ಯಾರು?

ಅಕ್ಕತಂಗಿಯರೇ, ನಮ್ಮ ಶರೀರದ ವಿಚಾರ ನಮಗೇ ಗೊತ್ತಿರಬೇಕು. ಗಂಡಸಿಗೆ ಗೊನೋರಿಯಾ ತಗಲಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅವನಿಗೆ ತಿಳಿಯುತ್ತದೆ. ಮೂತ್ರ ಉರಿಯುತ್ತದೆ, ಕೀವು ಬರುತ್ತದೆ. ಹೆಂಗಸಿಗೆ ಹಾಗಲ್ಲ. ನಮ್ಮ ಅಂಗಗಳು ಒಳಗಿವೆ. ರೋಗವೂ ಒಳಗೇ ಅಡಗಿ ಕೂರುತ್ತದೆ. ಬಹಳಷ್ಟು ಹೆಂಗಸರಿಗೆ ನೋವೂ ಇಲ್ಲ, ಗುರುತೂ ಇಲ್ಲ. ಕ್ಲಮೀಡಿಯಾ ಎಂಬ ಇನ್ನೊಂದು ಸೋಂಕಿದೆ, ಅದು ಗಂಡಸರಲ್ಲೂ ಅನೇಕ ಸಲ ಸದ್ದಿಲ್ಲದೆ ಇರುತ್ತದೆ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಹುಣ್ಣು ಮಾಯಿತು, ರೋಗ ಹೋಯಿತು ಎಂದು ಗಂಡಸು ತಿಳಿಯುತ್ತಾನೆ. ರೋಗ ಹೋಗಿರುವುದಿಲ್ಲ, ರಕ್ತದಲ್ಲೇ ಇರುತ್ತದೆ.

ಗೊನೋರಿಯಾ, ಕ್ಲಮೀಡಿಯಾಗಳಿಗೆ ಚಿಕಿತ್ಸೆ ಆಗದಿದ್ದರೆ ಹೆಂಗಸಿನ ಗರ್ಭನಾಳಗಳು ಮುಚ್ಚಿಹೋಗಬಹುದು. ಆಗ ಮಕ್ಕಳಾಗುವುದಿಲ್ಲ. ಇಲ್ಲವೇ ಗರ್ಭ ನಾಳದಲ್ಲೇ ಕಟ್ಟಿ ಪ್ರಾಣಕ್ಕೆ ಕುತ್ತು ಬರುತ್ತದೆ. ಸಿಫಿಲಿಸ್ ಇದ್ದರೆ ಗರ್ಭ ಇಳಿಯಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದ ಮಗುವಿಗೂ ರೋಗ ಬರಬಹುದು. ಹೆರಿಗೆಯ ಹೊತ್ತಿನಲ್ಲಿ ಗೊನೋರಿಯಾ ಮಗುವಿನ ಕಣ್ಣಿಗೆ ತಗಲಿ ದೃಷ್ಟಿಯೇ ಹೋಗಬಹುದು.

ಇಂಥ ಮನೆಗಳಲ್ಲಿ ಆಡುವ ಮಾತು ಯಾವುದು? ಬಂಜೆ. ಕಾಲ್ಗುಣ ಸರಿಯಿಲ್ಲ. ಮಕ್ಕಳನ್ನು ತಿಂದುಕೊಂಡವಳು. ಮಗನಿಗೆ ಇನ್ನೊಂದು ಮದುವೆ ಮಾಡೋಣ, ಅದರ ಜೊತೆಗೆ ಇನ್ನೊಂದು ವರದಕ್ಷಿಣೆಯೂ ಬರಲಿ. ಮಕ್ಕಳಾಗಲಿಲ್ಲವೆಂದು ಮನೆಯಿಂದ ಹೊರಹಾಕಿಸಿಕೊಂಡ ಹೆಂಗಸರು ನಮ್ಮ ಸಂಘದ ಬಾಗಿಲಿಗೆ ಬಂದಾಗ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ನಿನ್ನ ಗಂಡನಿಗೆ ಏನೇನು ಪರೀಕ್ಷೆ ಮಾಡಿಸಿದ್ದರು? ಅವರು ನನ್ನ ಮುಖ ನೋಡುತ್ತಾರೆ. ಹರಕೆ ಹೊತ್ತಿದ್ದಾರೆ, ಉಪವಾಸ ಮಾಡಿದ್ದಾರೆ, ನಾಟಿ ಔಷಧಿ ಕುಡಿದಿದ್ದಾರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದಾರೆ. ಗಂಡನಿಗೆ ಮಾತ್ರ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಎಲ್ಲ ಬಂಜೆತನಕ್ಕೂ ಗಂಡಸಿನ ಸೋಂಕೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾರಣಗಳು ಹಲವು ಇವೆ. ಆದರೆ ಅವನನ್ನು ನೋಡದೆಯೇ ತೀರ್ಪು ಕೊಟ್ಟುಬಿಡುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. 100ಕ್ಕೆ 92 ಮಂದಿಗೆ ಯಾವುದಾದರೊಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗ ಇತ್ತು. ಅದಕ್ಕೆ ಮುಂಚೆ ಅಂಥ ವೈದ್ಯಕೀಯ ಪರೀಕ್ಷೆ ಒಮ್ಮೆಯಾದರೂ ಆಗಿದ್ದವರು 100ಕ್ಕೆ 8 ಮಂದಿ ಮಾತ್ರ. ಬಿಳಿಸೆರಗು, ಸೊಂಟನೋವು, ಕಿಬ್ಬೊಟ್ಟೆ ನೋವು ಹೆಣ್ಣಿನ ಹಣೆಬರಹ ಎಂದುಕೊಂಡು ಬದುಕುವ ಹೆಂಗಸರು ನಮ್ಮ ಊರುಗಳಲ್ಲೂ ಎಷ್ಟಿಲ್ಲ?

ಗಂಡಸರು ಏನು ಮಾಡುತ್ತಾರೆ? ಬಸ್ ಸ್ಟ್ಯಾಂಡಿನ ಗೋಡೆಗಳನ್ನು ನೋಡಿ. "ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ" ಎಂಬ ಚೀಟಿಗಳು ಅಂಟಿವೆ. ಇಂಥ ಲಾಡ್ಜಿನಲ್ಲಿ, ಇಂಥ ವಾರ ವೈದ್ಯರು ಸಿಗುತ್ತಾರೆ ಎಂದು ಬರೆದಿರುತ್ತದೆ. ಗಿರಾಕಿಗಳಿಲ್ಲದೆ ಆ ಚೀಟಿಗಳು ಅಂಟುತ್ತವೆಯೇ? ಗಂಡಸು ಗುಟ್ಟಾಗಿ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳುತ್ತಾನೆ, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗುತ್ತಾನೆ. ಹೆಂಡತಿಗೆ ಒಂದು ಮಾತು ಹೇಳುವುದಿಲ್ಲ. ಅವಳಿಗೆ ಅಷ್ಟರಲ್ಲಿ ರೋಗ ದಾಟಿರುತ್ತದೆ. ಅವನಿಗೆ ವಾಸಿಯಾದರೂ ಅವಳಿಂದ ಅವನಿಗೆ ಮತ್ತೆ ಬರುತ್ತದೆ. ಅವಳೊಬ್ಬಳೇ ಔಷಧಿ ತೆಗೆದುಕೊಂಡರೆ ಅವನಿಂದ ಅವಳಿಗೆ ಮತ್ತೆ ಬರುತ್ತದೆ. ಸೋರುವ ಮಾಡನ್ನು ಹಾಗೇ ಬಿಟ್ಟು ನೆಲ ಒರೆಸಿದ ಹಾಗೆ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗದ ಹೊರತು ಇದು ನಿಲ್ಲುವುದಿಲ್ಲ. ಸಿಫಿಲಿಸ್‌ಗೆ ಪೆನಿಸಿಲಿನ್ ಇದೆ. ಮೊದಲ ಹಂತದಲ್ಲಿ ಗೊತ್ತಾದರೆ ಒಂದೇ ಸರದಿಯ ಇಂಜೆಕ್ಷನ್ ಸಾಕು. ಇಷ್ಟು ಅಗ್ಗದ, ಇಷ್ಟು ಹಳೆಯ ಔಷಧಿ ಇರುವಾಗಲೂ ಹೆಂಗಸರು ಸತ್ತ ಮಕ್ಕಳನ್ನು ಹೆರುತ್ತಾರೆ ಎಂದರೆ, ಅದಕ್ಕೆ ಕಾರಣ ಔಷಧಿಯ ಕೊರತೆಯಲ್ಲ.

ಇದೂ ದೌರ್ಜನ್ಯವೇ

ವರದಕ್ಷಿಣೆ, ಹೊಡೆತ, ಬಡಿತದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ರೋಗದ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ: ತನಗೆ ರೋಗವಿದೆ ಎಂದು ತಿಳಿದೂ ಅಥವಾ ತಿಳಿಯಲು ಒಪ್ಪದೆ, ಹೆಂಡತಿಯ ಮೇಲೆ ಬಲವಂತ ಮಾಡುವುದು ದೌರ್ಜನ್ಯವಲ್ಲದೆ ಇನ್ನೇನು? ಬಾಸುಂಡೆ ಮೈಮೇಲೆ ಕಾಣುತ್ತದೆ, ಇದು ಕಾಣುವುದಿಲ್ಲ. ಇರುವ ವ್ಯತ್ಯಾಸ ಅಷ್ಟೇ.

ಇದು ಬರೀ ಮಾತಲ್ಲ, ಲೆಕ್ಕವೂ ಇದೆ. ಪುಣೆಯ ಲೈಂಗಿಕ ರೋಗ ಚಿಕಿತ್ಸಾ ಕೇಂದ್ರಗಳಿಗೆ ಬಂದ ಹೆಂಗಸರ ಬಗ್ಗೆ ನಡೆಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಅವರಲ್ಲಿ 391 ಮಂದಿ ಲೈಂಗಿಕ ವೃತ್ತಿಯಲ್ಲಿ ಇಲ್ಲದವರು. ಅವರ ಪೈಕಿ 100ಕ್ಕೆ 13.6 ಮಂದಿಗೆ ಎಚ್.ಐ.ವಿ. ಇತ್ತು. ಇವರು ಆಗಲೇ ಕಾಯಿಲೆ ಎಂದು ಆಸ್ಪತ್ರೆಗೆ ಬಂದವರು, ಊರಿನ ಎಲ್ಲ ಹೆಂಗಸರ ಲೆಕ್ಕ ಇದಲ್ಲ. ಆದರೆ ಆ ಅಧ್ಯಯನ ಎತ್ತಿ ಹೇಳಿದ್ದು ಗಂಡನೊಬ್ಬನನ್ನೇ ನಂಬಿ ಬದುಕಿದ ಹೆಂಗಸರ ಕಥೆಯನ್ನು. ಪತಿವ್ರತೆಯಾಗಿರು, ನಿನಗೇನೂ ಆಗದು ಎಂದು ನಮಗೆ ಹೇಳಿಕೊಟ್ಟಿದ್ದರಲ್ಲ, ಆ ಪಾತಿವ್ರತ್ಯ ಇವರನ್ನು ಕಾಯಲಿಲ್ಲ.

ಇನ್ನೊಂದು ಲೆಕ್ಕ 2008ರಲ್ಲಿ ಬಂತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದ್ದ 28,000ಕ್ಕೂ ಹೆಚ್ಚು ವಿವಾಹಿತ ಹೆಂಗಸರ ಮಾಹಿತಿಯನ್ನು ಸಂಶೋಧಕರು ನೋಡಿದರು. ಗಂಡನಿಂದ ಹೊಡೆತವನ್ನೂ ಲೈಂಗಿಕ ಹಿಂಸೆಯನ್ನೂ ಅನುಭವಿಸಿದ ಹೆಂಗಸರಲ್ಲಿ 1000ಕ್ಕೆ ಸುಮಾರು 7 ಮಂದಿಗೆ ಎಚ್.ಐ.ವಿ. ಇತ್ತು. ಅಂಥ ಹಿಂಸೆ ಇಲ್ಲದವರಲ್ಲಿ 1000ಕ್ಕೆ ಸುಮಾರು 2. ಹೊಡೆಯುವ ಗಂಡನ ಮನೆಯಲ್ಲಿ ರೋಗದ ಭಯವೂ ಹೆಚ್ಚು. ಹೊಡೆತಕ್ಕೆ ಹೆದರುವವಳು ನಿರೋಧ್ ಹಾಕಿಕೋ ಎಂದು ಹೇಳಲಾರಳು, ಈ ದಿನ ಬೇಡ ಎನ್ನಲಾರಳು, ಆಸ್ಪತ್ರೆಗೆ ಬಾ ಎನ್ನಲಾರಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇದೆ. ಉಂಡು ಮಲಗಿದ ಮೇಲೆ ಏನಾಗುತ್ತದೆ ಎಂಬುದನ್ನು ಆ ಗಾದೆ ಹೇಳುವುದಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ರೋಗ ಗೊತ್ತಾಗುವುದು ಮೊದಲು ಯಾರಿಗೆ? ಬಸುರಿಗೆ. ಯಾಕೆಂದರೆ ರಕ್ತ ಕೊಟ್ಟವಳು ಅವಳೊಬ್ಬಳೇ. ಅತ್ತೆ ಮನೆಯವರಿಗೆ ಅಷ್ಟೇ ಸಾಕು. "ಇವಳೇ ತಂದದ್ದು" ಎಂದು ಸಾಮಾನು ಹೊರಗೆ ಎಸೆಯುತ್ತಾರೆ. ಮೊದಲು ಗೊತ್ತಾದವಳು ಮೊದಲು ತಂದವಳಲ್ಲ ಎಂದು ಕೂಗಿ ಹೇಳಬೇಕಾಗಿದೆ. ಅದೇ ದಿನ ಅದೇ ಕೋಣೆಯಲ್ಲಿ ಗಂಡನ ರಕ್ತವನ್ನೂ ತೆಗೆದಿದ್ದರೆ ಈ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತಿತ್ತೇ?

ಹೆಂಗಸನ್ನೇ ಹುಡುಕುವ ಹಳೆಯ ಚಾಳಿ

ಇದು ಇಂದು ನಿನ್ನೆಯ ಪದ್ಧತಿಯಲ್ಲ. ಬ್ರಿಟಿಷರು ತಮ್ಮ ಸೈನಿಕರಿಗೆ ಲೈಂಗಿಕ ರೋಗಗಳು ಹೆಚ್ಚಾದವೆಂದು 1868ರಲ್ಲಿ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದರು. ವೇಶ್ಯೆಯರೆಂದು ಕಂಡ ಹೆಂಗಸರು ಹೆಸರು ಬರೆಸಬೇಕು, ಕಾಲಕಾಲಕ್ಕೆ ಪರೀಕ್ಷೆಗೆ ಮೈಯೊಡ್ಡಬೇಕು, ರೋಗ ಕಂಡರೆ ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಳ್ಳಬೇಕು. ದಂಡು ಇದ್ದ ಊರುಗಳಲ್ಲಿ ಇಂಥ ಆಸ್ಪತ್ರೆಗಳಿದ್ದವು. ನಮ್ಮ ಬೆಂಗಳೂರಿನಲ್ಲಿ, ಬಳ್ಳಾರಿಯಲ್ಲಿ ಸಹ ಇದ್ದವು. ಇಂಗ್ಲೆಂಡಿನಲ್ಲೂ 1864ರಿಂದ ಇಂಥದೇ ಕಾಯಿದೆ ಇತ್ತು. ಗಂಡಸರನ್ನೂ ಯಾಕೆ ಪರೀಕ್ಷಿಸಬಾರದು ಎಂಬ ಪ್ರಶ್ನೆ ಎದ್ದಾಗ 1871ರಲ್ಲಿ ಅಲ್ಲಿನ ರಾಜ ಆಯೋಗ ಕೊಟ್ಟ ಉತ್ತರ ಕೇಳಿ: ಇಬ್ಬರನ್ನೂ ಹೋಲಿಸುವ ಹಾಗೇ ಇಲ್ಲ, ಹೆಂಗಸು ಮಾಡುವುದು ಹಣಕ್ಕಾಗಿ, ಗಂಡಸು ಮಾಡುವುದು ಸಹಜವಾದ ಆಸೆಗಾಗಿ! ಜೋಸೆಫೀನ್ ಬಟ್ಲರ್ ಎಂಬ ಮಹಿಳೆಯ ಮುಂದಾಳ್ತನದಲ್ಲಿ ಹೆಂಗಸರು ವರ್ಷಗಟ್ಟಲೆ ಹೋರಾಡಿ 1886ರಲ್ಲಿ ಇಂಗ್ಲೆಂಡಿನ ಕಾಯಿದೆಯನ್ನು ರದ್ದು ಮಾಡಿಸಿದರು. 1888ರಲ್ಲಿ ಇಲ್ಲಿಯದೂ ರದ್ದಾಯಿತು.

ಕಾಯಿದೆ ಹೋಯಿತು, ಚಾಳಿ ಹೋಗಲಿಲ್ಲ. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಹುಡುಕಿದ್ದು ಯಾರ ರಕ್ತದಲ್ಲಿ? ಲೈಂಗಿಕ ವೃತ್ತಿಯ ಹೆಂಗಸರ ರಕ್ತದಲ್ಲಿ. ಅದನ್ನು ಪತ್ತೆ ಮಾಡಿದ ಡಾ. ಸುನೀತಿ ಸಾಲೊಮನ್ ಮುಂದೆ ರೋಗಿಗಳ ಪರವಾಗಿಯೇ ಜೀವನ ಸವೆಸಿದರು, ಅವರನ್ನು ನಾನು ದೂರುತ್ತಿಲ್ಲ. ಆದರೆ ಲೋಕ ಅದನ್ನು ಹೇಗೆ ಓದಿಕೊಂಡಿತು ನೋಡಿ. ರೋಗ ಅಂದರೆ "ಅಂಥ ಹೆಂಗಸರದು" ಎಂದಾಯಿತು. ಆ ಹೆಂಗಸರಿಗೆ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಹಣ ಕೊಟ್ಟು ಬಂದ ಗಂಡಸಿಗೆ ಹೆಸರಿಲ್ಲ, ಮುಖವಿಲ್ಲ, ಕಾರ್ಡಿಲ್ಲ. ಅವನು ಒಂದು ಕಡೆ ರೋಗ ಕೊಟ್ಟು, ಇನ್ನೊಂದು ಕಡೆ ರೋಗ ತಂದು, ಮಧ್ಯದಲ್ಲಿ ಮರ್ಯಾದಸ್ಥನಾಗಿ ನಡೆದಾಡುತ್ತಾನೆ. ನಾವು ಆ ಹೆಂಗಸರನ್ನು ಬೈಯುವುದರಿಂದ ಲಾಭವಾಗುವುದು ಅವನಿಗೇ.

ಮದುವೆಗೆ ಮುಂಚೆ ಯಾರನ್ನು ನೋಡುತ್ತೇವೆ?

ಹೆಣ್ಣು ನೋಡುವ ಶಾಸ್ತ್ರ ಎಂದು ಒಂದಿದೆ. ಹುಡುಗಿಯನ್ನು ನಡೆಸಿ ನೋಡುತ್ತಾರೆ, ಹಾಡಿಸಿ ನೋಡುತ್ತಾರೆ, ಬಣ್ಣ, ಜಡೆ, ಹಲ್ಲು ನೋಡುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಾಗಲೂ ಎತ್ತಿನವನಿಗೆ ದುಡ್ಡು ಕೊಡುತ್ತಾರೆ. ಇಲ್ಲಿ ತೋರಿಸಿದವರೇ ದುಡ್ಡು ಕೊಡಬೇಕು. ಜಾತಕ ಕೂಡಬೇಕು, ಗೋತ್ರ ನೋಡಬೇಕು. ಹುಡುಗನ ಕಡೆಯಿಂದ ಕೇಳುವುದು ಏನು? ಸಂಬಳ ಎಷ್ಟು, ಜಮೀನು ಎಷ್ಟು, ಸೈಟು ಇದೆಯೇ. ವರೋಪಚಾರಕ್ಕೆ ಬೈಕು, ಬಂಗಾರ, ನಗದು ಎಲ್ಲವನ್ನೂ ಒಪ್ಪಿಕೊಂಡ ತಂದೆ, ಹುಡುಗನ ಆರೋಗ್ಯ ಹೇಗಿದೆ ಎಂದು ಕೇಳುವ ಧೈರ್ಯ ಮಾಡುವುದಿಲ್ಲ. ಕೇಳಿದರೆ ಸಂಬಂಧ ಮುರಿದುಹೋದೀತೆಂಬ ಭಯ. ಸಾಲ ಮಾಡಿ ಮಗಳಿಗೆ ರೋಗ ಕೊಂಡುಕೊಟ್ಟ ಹಾಗೆ ಆಗಬಹುದು ಎಂಬ ಭಯ ಅದಕ್ಕಿಂತ ದೊಡ್ಡದಲ್ಲವೇ?

ಹಾಗಾದರೆ ಮದುವೆಗೆ ಮುಂಚೆ ಎಲ್ಲರಿಗೂ ಪರೀಕ್ಷೆ ಕಡ್ಡಾಯ ಮಾಡಿ, ಸರ್ಟಿಫಿಕೇಟು ಇಲ್ಲದೆ ತಾಳಿ ಬೇಡ ಎಂದು ಕೆಲವರು ಹೇಳುತ್ತಾರೆ. ಇದನ್ನು ನಾವು ಎಚ್ಚರದಿಂದ ನೋಡಬೇಕು. ಸರ್ಟಿಫಿಕೇಟಿಗೂ ಲಂಚ ಕೊಡಬಹುದು. ಎಚ್.ಐ.ವಿ. ಸೋಂಕು ತಗಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದೆ ಇರಬಹುದು, ಮೂರು ತಿಂಗಳವರೆಗೂ ಮರೆಯಲ್ಲಿ ಇರಬಹುದು. ಮದುವೆಯ ದಿನ ಇಲ್ಲದ ರೋಗ ಎರಡು ವರ್ಷದ ಮೇಲೆ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಡ್ಡಾಯ ಎಂದ ಕೂಡಲೇ ಏನಾಗುತ್ತದೆ? ಹುಡುಗಿಯ ಸರ್ಟಿಫಿಕೇಟನ್ನು ಹತ್ತು ಸಲ ತಿರುವಿ ನೋಡುತ್ತಾರೆ, ಹುಡುಗನದನ್ನು "ಆಮೇಲೆ ಕೊಡುತ್ತೇವೆ" ಎನ್ನುತ್ತಾರೆ. ರೋಗವಿರುವ ಹುಡುಗಿಯ ಹೆಸರು ಊರೆಲ್ಲ ಹರಡುತ್ತದೆ. ಮುಳ್ಳು ಸೀರೆಯ ಮೇಲೆ ಬಿದ್ದರೂ ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೀರೆಯೇ. ಆದ್ದರಿಂದ ಪೊಲೀಸರ ಕೋಲಿನಿಂದ ಮಾಡಿಸುವ ಪರೀಕ್ಷೆ ನಮಗೆ ಬೇಡ. ಹುಡುಗ ಹುಡುಗಿ ಇಬ್ಬರೂ ತಾವಾಗಿ ಹೋಗಿ, ಗುಟ್ಟು ಕಾಯುವ ಕಡೆ, ಮಾಡಿಸಿಕೊಂಡು ಪರಸ್ಪರ ಹೇಳಿಕೊಳ್ಳುವ ವಾಡಿಕೆ ಬೇಕು. ಆ ವಾಡಿಕೆಯನ್ನು ಮೊದಲು ಹುಡುಗನ ಕಡೆಯಿಂದ ಶುರು ಮಾಡಬೇಕು. ನಮ್ಮಲ್ಲೇ ಎಷ್ಟೋ ಮಂದಿ ಗಂಡುಮಕ್ಕಳ ತಾಯಂದಿರಿದ್ದೇವೆ.

ಅವರ ವಾದ, ನಮ್ಮ ಉತ್ತರ

"ಗಂಡಸಿಗ್ಯಾಕೆ ಗೌರಿ ದುಃಖ" ಎನ್ನುವವರು ಇದ್ದಾರೆ. ಗೌರಿಯ ದುಃಖಕ್ಕೆ ಕಾರಣನಾದವನು ಗಂಡಸೇ ಆಗಿದ್ದರೆ?

"ಹೆಂಗಸರಿಂದಲೂ ಗಂಡಸರಿಗೆ ಬರುತ್ತದಲ್ಲ" ಎನ್ನುತ್ತಾರೆ. ನಿಜ, ಬರುತ್ತದೆ. ಅದಕ್ಕೇ ಇಬ್ಬರಿಗೂ ಮಾಡಿ ಎನ್ನುತ್ತೇನೆ. ಹೆಂಗಸರಿಗೆ ಆಗಲೇ ಮಾಡುತ್ತಿದ್ದೀರಿ, ಉಳಿದಿರುವುದು ಇನ್ನೊಬ್ಬ.

"ಪರೀಕ್ಷೆ ಎಂದರೆ ಸಂಸಾರದಲ್ಲಿ ಅನುಮಾನ ಹುಟ್ಟುತ್ತದೆ" ಎನ್ನುತ್ತಾರೆ. ಬಸುರಿಯ ರಕ್ತ ತೆಗೆಯುವಾಗ ಈ ಅನುಮಾನದ ಮಾತು ಎಲ್ಲಿಗೆ ಹೋಗಿತ್ತು? ಎಲ್ಲ ಬಸುರಿಯರಿಗೂ ಮಾಡುವುದರಿಂದ ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಎಲ್ಲ ಗಂಡಂದಿರಿಗೂ ಮಾಡಿದರೆ ಅದೂ ಹಾಗೆಯೇ ಆಗುತ್ತದೆ.

"ಗಂಡಸರು ಬರುವುದಿಲ್ಲ, ಏನು ಮಾಡೋಣ" ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ, ಬಸುರಿಯರು ಬಾಣಂತಿಯರು ತುಂಬಿದ ಕೋಣೆಗೆ ಬನ್ನಿ ಎಂದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ತೆರೆಯಿರಿ. ಬಸ್ ಡಿಪೋಕ್ಕೆ, ಎ.ಪಿ.ಎಂ.ಸಿ. ಯಾರ್ಡಿಗೆ, ಕಾರ್ಖಾನೆಯ ಗೇಟಿಗೆ, ಕಬ್ಬು ಕಡಿಯುವವರ ಗುಂಪಿಗೆ ನೀವೇ ಹೋಗಿ. ಸಕ್ಕರೆ ಕಾಯಿಲೆ, ಬಿ.ಪಿ. ನೋಡುವಾಗಲೇ ಇದನ್ನೂ ನೋಡಿ. ಪೋಲಿಯೋ ಹನಿ ಹಾಕಲು ಮನೆಮನೆಗೆ ಬಂದವರಿಗೆ ಇದು ಅಸಾಧ್ಯವೇ?

ಒಂದು ಮಾತನ್ನು ಮಾತ್ರ ನಾನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. "ಇದರಿಂದ ಹೆಂಗಸಿಗೇ ಏಟು ಬಿದ್ದರೆ?" ಎಂದು ಸಂಘದ ಅಕ್ಕಂದಿರೇ ಕೇಳಿದ್ದಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ಕರೆಯುವವರು ಹೆಂಡತಿ ಆಗಬಾರದು, ಆಸ್ಪತ್ರೆ ಆಗಬೇಕು. ಅದಕ್ಕೇ ಇಬ್ಬರ ಫಲಿತಾಂಶವನ್ನೂ ಬೇರೆಬೇರೆಯಾಗಿ, ಗುಟ್ಟಾಗಿ ಹೇಳಬೇಕು. ಹೊಡೆತದ ಭಯ ಇದೆಯೇ ಎಂದು ಹೆಂಗಸನ್ನು ಒಬ್ಬಳೇ ಇರುವಾಗ ಮೊದಲೇ ಕೇಳಬೇಕು.

ಕಾಯಿದೆ ನಮ್ಮ ಕೈಗೆ ಏನು ಕೊಟ್ಟಿದೆ?

1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಒಬ್ಬನ ಎಚ್.ಐ.ವಿ. ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಅವನ ಮದುವೆ ನಿಂತುಹೋಗಿತ್ತು. ಅವನ ಗುಟ್ಟಿನ ಹಕ್ಕಿಗಿಂತ, ಮದುವೆಯಾಗಬೇಕಿದ್ದ ಹುಡುಗಿಯ ಆರೋಗ್ಯದ ಹಕ್ಕು ಮೇಲು ಎಂದು ಕೋರ್ಟು ಹೇಳಿತು.

2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಾಯಿತು. ಅದರ ಪ್ರಕಾರ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಯಾರಿಗೂ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ. ಇದು ಗಂಡಸಿಗೂ ಅನ್ವಯ, ಹೆಂಗಸಿಗೂ ಅನ್ವಯ. ಬಸುರಿಯನ್ನು ಕೇಳದೆ ಪರೀಕ್ಷೆ ಮಾಡಿದರೆ ಅದೂ ತಪ್ಪೇ. ಸೋಂಕಿರುವವನು ತನ್ನ ಹೆಂಡತಿಗೆ ತಾನಾಗಿ ಹೇಳದಿದ್ದರೆ, ಅವಳಿಗೆ ಅಪಾಯವಿದೆ ಎಂದು ಕಂಡರೆ, ಅವನಿಗೆ ತಿಳಿಸಿದ ಮೇಲೆ ಡಾಕ್ಟರೋ ಕೌನ್ಸೆಲರೋ ಅವಳಿಗೆ ಹೇಳಬಹುದು. ಆದರೆ ಸೋಂಕಿರುವುದು ಹೆಂಗಸಿಗಾಗಿದ್ದು, ಗಂಡನಿಗೆ ಹೇಳಿದರೆ ಅವಳಿಗೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ ಎಂಬ ಭಯ ಇದ್ದರೆ ಹೇಳುವಂತಿಲ್ಲ. ಸೋಂಕಿರುವವಳನ್ನು ಮನೆಯಿಂದ ಹೊರಹಾಕುವಂತಿಲ್ಲ ಎಂದೂ ಈ ಕಾಯಿದೆ ಹೇಳುತ್ತದೆ.

2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಲೈಂಗಿಕ ಹಿಂಸೆಯೂ ದೌರ್ಜನ್ಯ, ಆರೋಗ್ಯಕ್ಕೆ ಅಪಾಯ ತರುವುದೂ ದೌರ್ಜನ್ಯ. ಮನೆಯಲ್ಲಿ ವಾಸಿಸುವ ಹಕ್ಕನ್ನು, ಪರಿಹಾರವನ್ನು ಅದರಡಿ ಕೇಳಬಹುದು. ಗಂಡ ಹೆಂಡತಿಯ ಮೇಲೆ ಮಾಡುವ ಬಲಾತ್ಕಾರವನ್ನು, ಅವಳಿಗೆ 18 ತುಂಬಿದ್ದರೆ, ನಮ್ಮ ದಂಡಸಂಹಿತೆ ಈಗಲೂ ಬಲಾತ್ಕಾರ ಎಂದು ಕರೆಯುವುದಿಲ್ಲ. ಈ ನಾಚಿಕೆಗೇಡನ್ನು ತೆಗೆದುಹಾಕುವ ಹೋರಾಟ ಬಾಕಿ ಇದೆ. ಅಲ್ಲಿಯವರೆಗೆ ಇರುವ ಕಾಯಿದೆಯನ್ನು ಬಿಡುವುದು ಬೇಡ.

1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಹರಡುವ ಲೈಂಗಿಕ ರೋಗ ವಿಚ್ಛೇದನಕ್ಕೆ ಒಂದು ಕಾರಣ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆಯಲ್ಲೂ ಗಂಡನಿಗೆ ಉಗ್ರ ಲೈಂಗಿಕ ರೋಗ ಇದ್ದರೆ ಹೆಂಡತಿ ಬಿಡುಗಡೆ ಕೇಳಬಹುದು. ಆದರೆ ಒಂದು ಎಚ್ಚರಿಕೆ: ಹಿಂದೂ ಕಾಯಿದೆಯ ಈ ಕಲಂ ಗಂಡನಿಗೂ ಸಿಗುತ್ತದೆ. ಪರೀಕ್ಷೆ ಆಗಿರುವುದು ಹೆಂಡತಿಗೆ ಮಾತ್ರ ಎಂದಾದರೆ ಕಾಗದ ಇರುವುದು ಅವಳ ವಿರುದ್ಧ ಮಾತ್ರ. ಗಂಡನ ಪರೀಕ್ಷೆಗಾಗಿ ನಾವು ಹಟ ಹಿಡಿಯಲು ಇದೊಂದೇ ಕಾರಣ ಸಾಕು.

ನಾವು ಕೇಳುವುದು, ನಾವು ಮಾಡುವುದು

ನಮ್ಮ ಬೇಡಿಕೆಗಳು ಇವು. ಬಸುರಿಯ ಹೆಸರು ಬರೆದುಕೊಳ್ಳುವ ದಿನವೇ ಗಂಡನಿಗೂ ಆಸ್ಪತ್ರೆಯಿಂದಲೇ ಚೀಟಿ ಹೋಗಬೇಕು. ಎಲ್ಲರಿಗೂ ಒಂದೇ ರೀತಿಯ ಚೀಟಿ. ಅವನಿಗೂ ತಿಳಿಹೇಳಿ, ಒಪ್ಪಿಗೆ ಪಡೆದು, ಎಚ್.ಐ.ವಿ., ಸಿಫಿಲಿಸ್ ಪರೀಕ್ಷೆ ಮಾಡಬೇಕು. ಮೂತ್ರ ಉರಿ, ಕೀವು, ಹುಣ್ಣು ಇದೆಯೇ ಎಂದು ಕೇಳಬೇಕು. ಲೈಂಗಿಕ ರೋಗಕ್ಕೆ ಹೆಂಡತಿಗೆ ಔಷಧಿ ಕೊಟ್ಟು ಗಂಡನನ್ನು ಹಾಗೇ ಬಿಡುವ ಚಿಕಿತ್ಸೆಯನ್ನು ಚಿಕಿತ್ಸೆ ಎಂದು ಕರೆಯಬಾರದು. ಗಂಡಸರು ಕೆಲಸ ಮಾಡುವ ಜಾಗಗಳಲ್ಲಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಪರೀಕ್ಷೆ ನಡೆಯಬೇಕು. ಫಲಿತಾಂಶ ಯಾವ ಕಾರ್ಡಿನ ಮೇಲೂ, ಯಾವ ಬೋರ್ಡಿನ ಮೇಲೂ ಬರಬಾರದು.

ಸರ್ಕಾರ ಮಾಡುವ ತನಕ ಸಂಘ ಸುಮ್ಮನೆ ಕೂರಬೇಕಿಲ್ಲ. ವಾರದ ಉಳಿತಾಯದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಒಂದು ದಿನ ಈ ಮಾತು ತೆಗೆಯಿರಿ. ನರ್ಸಮ್ಮನನ್ನು, ಆಶಾ ಕಾರ್ಯಕರ್ತೆಯನ್ನು ಕರೆಸಿ ಕೇಳಿ. ತಾಲ್ಲೂಕು ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಲೈಂಗಿಕ ರೋಗಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನ ಕೇಂದ್ರಗಳಿವೆ. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಎಚ್.ಐ.ವಿ. ಇದೆ ಎಂದರೆ ಬದುಕು ಮುಗಿಯಿತು ಎಂದಲ್ಲ. 2004ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆ ಉಚಿತವಾಗಿ ಕೊಡುತ್ತಿದೆ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. ಗಂಡಸರಿಗೂ ಇದನ್ನು ಹೇಳಿ. ಅವರು ಪರೀಕ್ಷೆಗೆ ಹೆದರುವುದಕ್ಕೆ ಅರ್ಧ ಕಾರಣ ಇದು ಗೊತ್ತಿಲ್ಲದಿರುವುದು.

ಯಾವಳನ್ನಾದರೂ "ರೋಗ ತಂದವಳು" ಎಂದು ಹೊರಹಾಕಿದರೆ ಸಂಘದ ನಾಲ್ವರು ಜೊತೆಗೆ ಹೋಗಿ. ಮೊದಲು ಕೇಳಬೇಕಾದದ್ದು, "ನಿಮ್ಮ ಮಗನ ಪರೀಕ್ಷೆ ಆಯಿತೇ?" ಎಂದು. ರಕ್ಷಣಾಧಿಕಾರಿಯಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಿ, 181ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಿರಿ. ಅವಳ ರೋಗದ ವಿಷಯವನ್ನು ಅವಳ ಒಪ್ಪಿಗೆ ಇಲ್ಲದೆ ಸಭೆಯಲ್ಲಿ ಆಡಬೇಡಿ.

ಸಾಲ ಕೊಡುವಾಗ ನಾವು ಇಬ್ಬರ ಜಾಮೀನು ಕೇಳುತ್ತೇವೆ. ಸಂಸಾರದ ಆರೋಗ್ಯಕ್ಕೆ ಹೆಂಗಸೊಬ್ಬಳೇ ಜಾಮೀನು ನಿಂತದ್ದು ಸಾಕು. ಇನ್ನು ಮೇಲೆ ಗಂಡಸರೂ ತೋಳು ಚಾಚಲಿ.